ಚುಕ್ಕಿ ಗೆರೆಯ ಎರಡು ಜಡೆ

ಓದಿದ್ದಾರೆ, ಉತ್ತರ ಬರೆದಿಲ್ಲ. ವಿಷಯ ಇಷ್ಟೇ. ಆದರೆ ಪೋಸ್ಟರಮ್ಮನಿಗೆ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗಾಗಿತ್ತು. ಮಗುವಿಗೆ ಉಣಿಸುತ್ತ ಒಮ್ಮೆ, ಬಟ್ಟೆ ಹಿಂಡಿ ಹಾಕುತ್ತ ಒಮ್ಮೆ, ಯಾರೂ ನೋಡದಿರಲೆಂದು ಬಚ್ಚಲಿನ ಬಾಗಿಲು ಹಾಕಿಕೊಂಡು ಇನ್ನೊಮ್ಮೆ, ಮೊಬೈಲು ತೆಗೆದು ನೋಡುವುದೇ ನೋಡುವುದು. ತಾನು ಕಳಿಸಿದ ಚಿತ್ರ ಇದ್ದಲ್ಲೇ ಇದೆ. ಅದರ ಮೂಲೆಯಲ್ಲಿ ಎರಡು ನೀಲಿ ಗೀಟು. ಅದರ ಕೆಳಗೆ ಬರೀ ಬಯಲು.

ಬೇರೆಯವರೆಲ್ಲ ಉತ್ತರ ಕೊಟ್ಟಿದ್ದರು. ಬೇಕರಿಯವನು ನಗುವ ಮುಖಗಳನ್ನು ಸಾಲುಸಾಲಾಗಿ ಕಳಿಸಿದ್ದ. ಕ್ಷೌರದಂಗಡಿಯವನ ಹೆಂಡತಿ, "ಅಯ್ಯೋ, ನಮ್ಮನೆಯವರ ಬೋಳು ತಲೇನೂ ಬಿಡ್ಲಿಲ್ವಲ್ರೀ! ಊರಿನ ತಲೆಯೆಲ್ಲ ಕತ್ತರಿಸೋರದ್ದು ನೋಡಿ ಗತಿ" ಎಂದು ಬರೆದಿದ್ದಳು. ಲೈಬ್ರರಿ ಕೆಲಸದಿಂದ ನಿವೃತ್ತಳಾದ ಮುದುಕಮ್ಮ, ತಪ್ಪಿಲ್ಲದ ಕಾಗುಣಿತದಲ್ಲಿ, "ಬರುತ್ತೇನೆ. ಮಂಡಿನೋವಿದ್ದರೂ ಬರುತ್ತೇನೆ" ಎಂದಿದ್ದಳು. ಪೇಂಟಂಗಡಿಯವರ ಮನೆಯಿಂದ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ.

"ಒಬ್ಬರು ಉತ್ತರಾನೇ ಕೊಟ್ಟಿಲ್ಲ ರೀ," ಎಂದು ಗಂಡನ ಮುಂದೆ ಹೇಳಿಕೊಂಡಳು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಇಡೀ ದಿನ ಕತ್ತಲ ಗುಂಡಿಗಳಲ್ಲಿ ಇಳಿದು ಹತ್ತಿ ಬಂದವನಿಗೆ ಇಂಥ ಮಾತು ಕಿವಿಗೆ ಬೀಳುವುದು ನಿಧಾನ.

"ಕೊಡ್ತಾರೆ ಬಿಡೆ. ಮರೆತಿರ್ತಾರೆ."

"ನೀಲಿ ಗೀಟು ಬಿದ್ದಿದೆ. ನೋಡಿದ್ದಾರೆ."

"ನೋಡಿ ಮರೆತಿರ್ತಾರೆ. ನಿನಗೂ ಅಷ್ಟೇ, ಕಳವಳಕ್ಕೆ ಕಾರಣ ಸಿಗಲಿಲ್ಲ ಅಂದ್ರೆ ಅದಕ್ಕೇ ಒಂದು ಕಳವಳ."

ಯಾರ ಮನೆ ಎಂದು ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಆ ಸಂಜೆ ಅವನೊಂದು ಮಾತು ಕೇಳಿದ್ದರೆ, ಇಲ್ಲವೇ ಇವಳೇ ಬಾಯಿ ಬಿಟ್ಟಿದ್ದರೆ, ಭಾನುವಾರ ನಡೆದದ್ದು ಊರೆಲ್ಲರ ಎದುರಿಗೆ ನಡೆಯುತ್ತಿರಲಿಲ್ಲ.

ಪೋಸ್ಟರಮ್ಮ ಎಂಬ ಹೆಸರು ಅವಳಿಗೆ ಅಂಟಿದ್ದು ಚರ್ಚಿನಿಂದ. ದೊಡ್ಡ ಪಟ್ಟಣದಲ್ಲಿ ಓದಿದವಳು, ಜಾಹೀರಾತಿನ ಕೋರ್ಸು ಮಾಡಿದವಳು, ಮದುವೆಯಾಗಿ ಈ ಚಿಕ್ಕ ಊರಿಗೆ ಬಂದವಳು. ಓದು ಅವಳಿಗೆ ಬಣ್ಣ, ಅಕ್ಷರ, ಅಳತೆ ಕಲಿಸಿತ್ತು. ಹೆದರಿಕೆಯನ್ನು ಯಾರೂ ಕಲಿಸಿರಲಿಲ್ಲ, ಅದು ಹುಟ್ಟಿನಿಂದಲೇ ಬಂದದ್ದು. ಮಗು ಸೀನಿದರೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಅತ್ತರೆ ಯಾಕೆ ಅಳುತ್ತಿದೆ ಎಂಬ ಚಿಂತೆ, ಅಳದೆ ಮಲಗಿದರೆ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವಷ್ಟು ಚಿಂತೆ. ಅತ್ತೆ ಇದನ್ನೆಲ್ಲ ನೋಡಿ ನೋಡಿ ಮೂಗು ಮುರಿಯುತ್ತಿದ್ದಳು. "ನಾವೂ ಹೆತ್ತಿದ್ದೀವಮ್ಮಾ. ಬೆರಳು ತೆಗಿ, ಕೂಸಿಗೆ ಎಚ್ಚರ ಆಗುತ್ತೆ."

ಚರ್ಚಿನ ಫಾದರ್ ದುಂಡಗಿನ ಮನುಷ್ಯ. ನಗುವಾಗ ಹೊಟ್ಟೆ ಮೊದಲು ನಗುತ್ತದೆ, ಮುಖ ಆಮೇಲೆ. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಅವರು ಅವಳನ್ನು ಬಾಗಿಲ ಬಳಿ ನಿಲ್ಲಿಸಿಕೊಂಡರು.

"ಮಗಳೇ, ನೀನು ಜಾಹೀರಾತು ಓದಿದವಳಂತೆ. ನನಗೊಂದು ಸಾಮಾನು ಮಾರಿಕೊಡ್ತೀಯಾ?"

"ಯಾವ ಸಾಮಾನು ಫಾದರ್?"

"ನಾನೇ. ನನ್ನ ಪ್ರಸಂಗ ಕೇಳೋಕೆ ಈಗ ಬೆಂಚುಗಳು ಮಾತ್ರ ಇರ್ತವೆ. ಅವಕ್ಕೂ ನಾಲ್ಕು ಕಾಲಿದೆ, ಪುಣ್ಯಕ್ಕೆ ನಡೆಯೋಕೆ ಬರಲ್ಲ. ಬಂದಿದ್ರೆ ಯಾವತ್ತೋ ಎದ್ದು ಹೋಗಿರ್ತಿದ್ವು."

ನಕ್ಕರೂ ಫಾದರ್ ಮುಖ ಸಪ್ಪಗಿತ್ತು. ಹೆತ್ತವರಿಗಾಗಿ ಶುಕ್ರವಾರದ ಸಂಜೆ, ಹುಡುಗ ಹುಡುಗಿಯರ ಗಾಯನ ತಂಡ, ಮುದುಕರಿಗೆ ಓದಿ ಹೇಳುವ ಗುಂಪು, ಎಲ್ಲ ಶುರುವಾಗಿದ್ದವು, ಎಲ್ಲದಕ್ಕೂ ಕುರ್ಚಿಗಳಷ್ಟೇ ಬರುತ್ತಿದ್ದವು. ಹೀಗೇ ಆದರೆ ಪಕ್ಕದ ಸಭಾಂಗಣಕ್ಕೆ ಬೀಗ ಹಾಕುವುದೊಂದೇ ಉಳಿದಿರುವುದು ಎಂದರು.

ಅವಳು ಪೋಸ್ಟರ್ ಮಾಡಿದಳು. ಮಗು ಮಲಗಿದಾಗ ಮಾಡಿದಳು, ಮಗು ಮಲಗದಿದ್ದಾಗ ಸೊಂಟದ ಮೇಲೆ ಕೂರಿಸಿಕೊಂಡು ಒಂದೇ ಕೈಯಲ್ಲಿ ಮಾಡಿದಳು. ಬೇಕರಿಯ ಗಾಜಿಗೆ, ಬಸ್ ನಿಲ್ದಾಣದ ಕಂಬಕ್ಕೆ, ಔಷಧಿ ಅಂಗಡಿಯ ಬಾಗಿಲಿಗೆ ಅಂಟಿಸಿದಳು. ಜನ ನಿಂತು ನೋಡಿದರು. "ಬಣ್ಣ ಎಷ್ಟು ಚೆನ್ನಾಗಿದೆ!" ಎಂದರು. ಹೆತ್ತವರ ಸಂಜೆಗೆ ಬಂದವರು ಫಾದರ್, ಅವಳು, ಅವಳ ಅತ್ತೆ, ಮತ್ತೆ ಬಾಡಿಗೆದಾರರ ಮೀಟಿಂಗು ಇಲ್ಲೇ ಎಂದುಕೊಂಡು ಒಳಗೆ ಬಂದ ಒಬ್ಬ ಮನುಷ್ಯ. ಅವನು ಪಾಪ, ಚಹಾ ಕುಡಿದು ಕೊನೆಯವರೆಗೂ ಕೂತಿದ್ದ.

ಮನೆಗೆ ಬರುವಾಗ ಅತ್ತೆ ದಾರಿಯುದ್ದಕ್ಕೂ ಏನೂ ಆಡದೆ ಬಂದು, ಗೇಟು ತೆಗೆಯುತ್ತ, "ಪೋಸ್ಟರಿಗೆ ಜನ ಬಂದ್ರು. ಪೋಸ್ಟರಲ್ಲಿ ಬರೆದಿದ್ದಕ್ಕೆ ಬರ್ಲಿಲ್ಲ, ಅಷ್ಟೇ," ಎಂದಳು. ಮರುದಿನದಿಂದ ಅವಳು ಪೋಸ್ಟರಮ್ಮ.

ಅವಮಾನ ಅವಳನ್ನು ಕುಟುಕಿತು. ಕುಟುಕಿದ ಜಾಗದಿಂದಲೇ ಆ ಉಪಾಯ ಹುಟ್ಟಿತು.

ಮದುವೆಯಾಗಿ ಬಂದ ಕೆಲವೇ ತಿಂಗಳಲ್ಲಿ ಅವಳು ಬಸುರಿಯಾಗಿದ್ದಳು. ಯಾವ ಗಳಿಗೆಯಲ್ಲಿ ಹೊಟ್ಟೆ ತೊಳಸುತ್ತದೋ ಎಂಬ ಭಯಕ್ಕೆ ಪೂಜೆಯ ಹೊತ್ತಿನಲ್ಲಿ ಕಟ್ಟಕಡೆಗೆ, ಬಾಗಿಲಿಗೆ ಅಂಟಿ ನಿಲ್ಲುತ್ತಿದ್ದಳು. ಹೆತ್ತ ಮೇಲೂ ಅದೇ ಜಾಗ, ಈಗ ಅಳುವ ಮಗುವನ್ನು ಹೊತ್ತು. ಹಾಗಾಗಿ ಅವಳಿಗೆ ಆ ಊರಿನ ಜನ ಗೊತ್ತಿದ್ದದ್ದು ಹಿಂದಿನಿಂದ. ಮುಖ ನೋಡಿದರೆ ಗುರುತು ಹತ್ತುತ್ತಿರಲಿಲ್ಲ. ಬೆನ್ನು ನೋಡಿದರೆ ತಟ್ಟನೆ ಗೊತ್ತಾಗುತ್ತಿತ್ತು. ಬೇಕರಿಯವನ ಕತ್ತಿನ ಮೂರು ಮಡಿಕೆ, ಕ್ಷೌರದಂಗಡಿಯವನ ಬೋಳುತಲೆಯ ಮೇಲೆ ಬೀಳುವ ದೀಪದ ಬೆಳಕು, ಲೈಬ್ರರಿಯಮ್ಮನ ಒಂದು ಕಡೆ ಇಳಿದ ಭುಜ. ಯಾರ ಬೆಂಚು ಯಾರದು ಎಂದು ಬರೆದಿಟ್ಟವರಿಲ್ಲ, ಆದರೆ ಒಂದು ಬೆಂಚಿನವರು ಇನ್ನೊಂದರಲ್ಲಿ ಕೂತದ್ದನ್ನು ಅವಳು ನೋಡಿಯೇ ಇರಲಿಲ್ಲ. ಹಲ್ಲು ಬಿದ್ದಂತೆ ಒಂದೊಂದೇ ಜಾಗ ಖಾಲಿಯಾದಾಗಲೂ ಯಾವ ಹಲ್ಲು ಬಿತ್ತೆಂದು ಅವಳಿಗೆ ತಿಳಿಯುತ್ತಿತ್ತು.

ಊರಿಗೆಲ್ಲ ಒಂದೇ ಪೋಸ್ಟರ್ ಯಾಕೆ? ಒಂದೊಂದು ಮನೆಗೆ ಒಂದೊಂದು.

ಮಧ್ಯಾಹ್ನ ಚರ್ಚು ಖಾಲಿಯಿದ್ದಾಗ ಹೋಗಿ, ತಾನು ನಿಲ್ಲುವ ಜಾಗದಲ್ಲೇ ನಿಂತು, ಖಾಲಿ ಬೆಂಚುಗಳ ಫೋಟೋ ತೆಗೆದಳು. ಅದರ ಮೇಲೆ ಮೊಬೈಲಿನಲ್ಲೇ, ಬೆರಳಿನಿಂದ, ಬಿಳಿ ಚುಕ್ಕಿ ಗೆರೆಯಲ್ಲಿ, ಅಲ್ಲಿ ಕೂರಬೇಕಾದವರ ಬೆನ್ನು ಬಿಡಿಸಿದಳು. ಕತ್ತಿನ ಮೂರು ಮಡಿಕೆ ಬಿಡಿಸಿದಳು, ಬೋಳುತಲೆ ಬಿಡಿಸಿ ಅದರ ಮೇಲೊಂದು ಮಿನುಗು ಇಟ್ಟಳು. ಕೆಳಗೆ ಒಂದು ಸಾಲು: "ಇದು ನಿಮ್ಮದೇ ಜಾಗ. ಈ ಭಾನುವಾರ ಮನೆಮಂದಿಯೆಲ್ಲ ಬಂದು ತುಂಬಿ." ಪೂಜೆಯ ನಂತರ ಮಕ್ಕಳಿಗೆ ಆಟ, ದೊಡ್ಡವರಿಗೆ ಚಹಾ. ಬಾಣಂತನ ಮುಗಿಸಿ ಬಂದ ಮೇಲೆ ಅವಳನ್ನೂ ಸೇರಿಸಿಕೊಂಡಿದ್ದ ಚರ್ಚಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ಹೆಸರೂ ನಂಬರೂ ಇದ್ದವು. ಅಚ್ಚರಿಗೊಳಿಸಬೇಕೆಂದು ಅವಳು ಮನೆಯವರಿಗೂ ತೋರಿಸಲಿಲ್ಲ, ಫಾದರಿಗೂ ತೋರಿಸಲಿಲ್ಲ. ಒಬ್ಬೊಬ್ಬರಿಗೇ ಕಳಿಸಿದಳು.

ಎಲ್ಲಕ್ಕಿಂತ ಅಕ್ಕರೆಯಿಂದ ಬಿಡಿಸಿದ್ದು ಕಿಟಕಿ ಪಕ್ಕದ ಬೆಂಚನ್ನು. ಅಲ್ಲಿ ಒಬ್ಬ ಗಂಡಸು ಕೂರುತ್ತಿದ್ದ, ಅಂಗಿಯ ತೋಳಿನ ಹಿಂದೆ ಯಾವಾಗಲೂ ಒಂದು ಪೇಂಟಿನ ಕಲೆ. ಒಬ್ಬ ಹೆಂಗಸು, ತಲೆಗೆ ನೀಲಿ ವಸ್ತ್ರ. ನಡುವೆ ಎರಡು ಜಡೆಯ ಪುಟ್ಟ ಹುಡುಗಿ. ಎಡಗಡೆಯ ಜಡೆ ಮೇಲೆ, ಬಲಗಡೆಯದು ಕೆಳಗೆ. ಇಡೀ ಚರ್ಚಿನಲ್ಲಿ ಹಿಂತಿರುಗಿ ನೋಡುತ್ತಿದ್ದ ಒಂದೇ ತಲೆ ಅದು. ಪೋಸ್ಟರಮ್ಮ ಬಾಣಂತನಕ್ಕೆ ತವರಿಗೆ ಹೋಗಿ ಬರುವಷ್ಟರಲ್ಲಿ ಆ ಬೆಂಚು ಖಾಲಿಯಾಗಿತ್ತು. ಎಲ್ಲರಂತೆ ಇವರೂ ಸೋಮಾರಿಗಳಾದರು ಎಂದುಕೊಂಡಿದ್ದಳು. ಅಪ್ಪನ ಅಗಲ ಬೆನ್ನು, ಅಮ್ಮನ ವಸ್ತ್ರ, ನಡುವೆ ಮೇಲುಕೆಳಗಾದ ಎರಡು ಜಡೆ, ತುದಿಗೆ ರಿಬ್ಬನ್ನಿನ ಹೂವು ಬಿಡಿಸಿದ್ದಳು. ಇದೊಂದಕ್ಕೆ ಮಾತ್ರ ಸಾಲು ಬದಲಿಸಿದ್ದಳು: "ಎರಡು ಜಡೆಯ ಪುಟ್ಟಿ ಎಲ್ಲಿ? ನಿಮ್ಮ ಬೆಂಚು ಕೇಳುತ್ತಿದೆ."

ಆ ಚಿತ್ರಕ್ಕೇ ಉತ್ತರ ಬಂದಿರಲಿಲ್ಲ.

ಭಾನುವಾರ ಚರ್ಚು ತುಂಬಿತು. ತುಂಬಿತು ಎಂದರೆ ಹಾಗೆ ಹೀಗೆ ಅಲ್ಲ. ಗಂಟೆ ಹೊಡೆಯುವುದಕ್ಕೆ ಮೊದಲೇ ಗೋಡೆಯುದ್ದಕ್ಕೂ ಜನ ನಿಂತರು. ಬಾಗಿಲ ಬಳಿ ಅವಳಿಗೇ ನಿಲ್ಲಲು ಜಾಗವಿರಲಿಲ್ಲ. ಚುಕ್ಕಿ ಗೆರೆಯಲ್ಲಿ ಬಿಡಿಸಿದ ಬೆನ್ನುಗಳೆಲ್ಲ ರಕ್ತಮಾಂಸ ತುಂಬಿಕೊಂಡು ಬಂದು ಕೂತಿದ್ದವು. ಬಲಿಪೀಠದ ಮುಂದೆ ಬಂದು ನಿಂತ ಫಾದರ್ ಒಂದು ಕ್ಷಣ ಬಾಯಿ ತೆರೆದವರು ತೆರೆದ ಹಾಗೇ ಇದ್ದರು. ಆಮೇಲೆ ಹೊಟ್ಟೆ ನಕ್ಕಿತು. ಅವಳಿಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಆದರೂ ಕಣ್ಣು ಕಿಟಕಿಯ ಕಡೆಗೇ ಹೋಗುತ್ತಿತ್ತು. ಆ ಬೆಂಚು ಖಾಲಿ. ಅದು ಖಾಲಿಯಿದ್ದದ್ದು ಆಶ್ಚರ್ಯವಲ್ಲ. ಇಷ್ಟು ಜನ ಕಾಲು ನೋಯಿಸಿಕೊಂಡು ನಿಂತಿದ್ದರೂ ಅದರಲ್ಲಿ ಒಬ್ಬರೂ ಕೂತಿಲ್ಲವಲ್ಲ, ಅದು ಆಶ್ಚರ್ಯ. ಕೋಲೂರಿಕೊಂಡು ನಿಂತಿದ್ದ ಒಬ್ಬ ಅಜ್ಜಿಯ ತೋಳು ಹಿಡಿದು, "ಅಲ್ಲಿ ಜಾಗ ಇದೆ, ಬನ್ನಿ ಅಜ್ಜಿ, ಕೂರಿಸ್ತೀನಿ," ಎಂದಳು.

ಅಜ್ಜಿ ಅವಳ ಮುಖವನ್ನೇ ನೋಡಿದಳು. "ಅಲ್ಲಿಗಾ? ಅಲ್ಲಿ ಬೇಡಮ್ಮ. ನಿಂತಿರ್ತೀನಿ."

ಪೂಜೆಯ ನಂತರ ಸಭಾಂಗಣದಲ್ಲಿ ಗಲಾಟೆಯೋ ಗಲಾಟೆ. ಚಹಾದ ಲೋಟ ಒಂದು ಕೈಯಲ್ಲಿ, ಮೊಬೈಲು ಇನ್ನೊಂದು ಕೈಯಲ್ಲಿ, ಒಬ್ಬರ ಬೆನ್ನು ಇನ್ನೊಬ್ಬರಿಗೆ ತೋರಿಸಿ ನಗುವುದೇ ನಗುವುದು. "ನನ್ನ ಕತ್ತು ನಿಜವಾಗ್ಲೂ ಹೀಗಿದೆಯೇನ್ರೀ?" ಎಂದು ಬೇಕರಿಯವನು ಸಿಕ್ಕಸಿಕ್ಕವರನ್ನು ಕೇಳುತ್ತಿದ್ದ. "ಇಲ್ಲ, ಅವರು ಒಂದು ಮಡಿಕೆ ಕಡಿಮೆ ಹಾಕಿದಾರೆ," ಎಂದು ಅವನ ಹೆಂಡತಿಯೇ ಹೇಳಿದಳು. ಅತ್ತೆ ಕೂಡ ಇಂದು ಸೊಸೆಯ ಪಕ್ಕ ಎದೆ ಉಬ್ಬಿಸಿ ನಿಂತಿದ್ದಳು. ಮೊದಲ ಸಲ "ನಮ್ಮ ಸೊಸೆ" ಎಂಬ ಮಾತು ಅವಳ ಬಾಯಿಂದ ಜೋರಾಗಿ ಬಂತು.

"ಎಲ್ಲರಿಗೂ ಕಳಿಸಿದ್ಯೇನೇ?"

"ಹೂಂ ಅತ್ತೆ. ಒಬ್ಬರೇ ಬರ್ಲಿಲ್ಲ, ನೋಡಿ. ಉತ್ತರಾನೂ ಇಲ್ಲ. ಚೆನ್ನಾಗಿ ಬಂದಿದ್ದೇ ಅದು." ಮಗುವನ್ನು ಸೊಂಟಕ್ಕೆ ಸರಿಸಿಕೊಂಡು ಮೊಬೈಲು ಮುಂದೆ ಹಿಡಿದಳು. "ಕಿಟಕಿ ಪಕ್ಕದ ಬೆಂಚು. ಪೇಂಟಂಗಡಿಯವರದು. ನಡುವೆ ಆ ಎರಡು ಜಡೆ ಹುಡುಗಿ ಇಲ್ವಾ..."

ಅತ್ತೆ ಕನ್ನಡಕ ಮೇಲೆ ಸರಿಸಿ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖದ ಬಣ್ಣ ಇಳಿಯಿತು. ಲೋಟದ ಚಹಾ ವಾಲಿ ಬೆರಳ ಮೇಲೆ ಚೆಲ್ಲಿದ್ದೂ ಗೊತ್ತಾಗಲಿಲ್ಲ.

"ಇದನ್ನ ಕಳಿಸಿದ್ಯಾ?"

"ಹೂಂ."

"ಅವರಿಗೆ? ಅವರ ಮನೆಗೆ?"

"ಹೂಂ ಅತ್ತೆ. ಯಾಕೆ?"

"ಅಯ್ಯೋ ದೇವರೇ." ಅತ್ತೆ ಕೂರಲು ಕುರ್ಚಿ ಹುಡುಕಿದಳು, ಸಿಗಲಿಲ್ಲ, ಗೋಡೆ ಹಿಡಿದಳು. "ಆ ಮಗು ತೀರಿಕೊಂಡಿದೆ ಕಣೇ."

ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಪಕ್ಕದಲ್ಲಿ ಯಾರೋ ಇಣುಕಿ ಚಿತ್ರ ನೋಡಿದರು, ಅವರ ನಗು ಅರ್ಧಕ್ಕೇ ನಿಂತಿತು. ಅವರು ತಮ್ಮ ಪಕ್ಕದವರ ತೋಳು ಮುಟ್ಟಿದರು. ಆ ತೋಳಿನಿಂದ ಮುಂದಿನ ತೋಳಿಗೆ, ಹಾಗೇ ಇಡೀ ಸಭಾಂಗಣಕ್ಕೆ ಮೌನ ಹಬ್ಬಿತು, ಆಟವಾಡುತ್ತಿದ್ದ ಮಕ್ಕಳ ಕೂಗೊಂದನ್ನು ಬಿಟ್ಟು. ಎಲ್ಲರ ಮುಖವೂ ಅವಳ ಕಡೆ ತಿರುಗಿತ್ತು. ಬೆನ್ನುಗಳನ್ನೇ ನೋಡಿ ರೂಢಿಯಾದವಳಿಗೆ ಅಷ್ಟೂ ಮುಖ ಒಮ್ಮೆಗೇ ಕಂಡವು. ಎಲ್ಲರಿಗೂ ಗೊತ್ತಿತ್ತು ಎಂಬುದು ಆ ಮುಖಗಳಲ್ಲೇ ಬರೆದಿತ್ತು.

"ಯಾವಾಗ?" ಎಂದಳು.

ಗಂಡ ಓಡಿ ಬಂದ. ಮಗುವನ್ನು ಅವಳ ಕೈಯಿಂದ ತೆಗೆದುಕೊಂಡ. ಅವಳ ತೋಳು ಮಗು ಇದ್ದಾಗ ಇದ್ದ ಹಾಗೇ ಮಡಿಚಿ ನಿಂತವು.

"ನೀನು ತವರಿಗೆ ಹೋದ ಹೊಸತರಲ್ಲಿ," ಎಂದ ಗಂಡ, ನೆಲ ನೋಡುತ್ತ. "ಜ್ವರ ಅಂತ ಮಲಗಿದ್ದು. ಏಳಲೇ ಇಲ್ಲ. ನಿನಗೆ ತಿಂಗಳು ತುಂಬಿತ್ತು. ಹೇಳಿದ್ರೆ ನೀನು... ನೀನು ಎಂಥವಳು ಅಂತ ನಮಗೆ ಗೊತ್ತಿಲ್ವಾ."

"ಆಮೇಲೆ?"

"ಆಮೇಲೆ ಹಸಿ ಬಾಣಂತಿ. ಅಮ್ಮ ಬೇಡ ಅಂದ್ರು. ಮಗು ಹಾಲು ಬಿಟ್ಟ ಮೇಲೆ ಹೇಳೋಣ ಅಂದುಕೊಂಡೆ. ಆಮೇಲೆ ಯಾರೂ ಆ ಮಾತೇ ಎತ್ತಲಿಲ್ಲ. ಹೇಳೋ ಹೊತ್ತು ದಾಟಿಹೋಯ್ತು."

"ನೀವೆಲ್ಲ," ಎಂದಳು ಅವಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. "ನಾನು ವಾರ ವಾರ ಆ ಬೆಂಚು ದಾಟಿ ಹೋಗಿದ್ದೀನಿ. ನನ್ನ ಕೂಸನ್ನ ಎತ್ತಿಕೊಂಡು ಹೋಗಿದ್ದೀನಿ."

ಚಹಾದ ಪಾತ್ರೆ ಬೇಗ ಬರಿದಾಯಿತು. ಜನ ಮೆಲ್ಲಗೆ ಹೊರಟರು. ಹೋಗುವವರು ಒಬ್ಬೊಬ್ಬರೂ ಅವಳ ಭುಜ ಮುಟ್ಟಿ ಹೋದರು. ಅದೂ ಒಂದು ಏಟಿನ ಹಾಗೇ ಬಿತ್ತು. ಎಲ್ಲ ಹೋದ ಮೇಲೆ ಫಾದರ್ ಒಂದು ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತರು. ಹೊಟ್ಟೆಯಲ್ಲೂ ಮುಖದಲ್ಲೂ ನಗುವಿರಲಿಲ್ಲ.

"ತಪ್ಪು ನಿನ್ನದೊಂದೇ ಅಲ್ಲ, ಮಗಳೇ. ಮೊದಮೊದಲು ಆ ಮನೆಗೆ ಹೋಗ್ತಿದ್ದೆ. ಹೋಗಿ ಕೂತ್ರೆ ಏನು ಹೇಳ್ಲಿ ಅಂತ ಗೊತ್ತಾಗ್ತಿರಲಿಲ್ಲ. ನನಗೆ ಮಾತಾಡೋದೇ ಕೆಲಸ, ಆ ಮನೇಲಿ ಮಾತ್ರ ಬಾಯಿ ಕಟ್ಟಿಹೋಗ್ತಿತ್ತು. ಒಂದು ವಾರ ತಪ್ಪಿಸಿದೆ. ಆಮೇಲೆ ತಪ್ಪಿಸೋದು ಸುಲಭ ಆಯ್ತು."

"ನಾನು ಕ್ಷಮೆ ಕೇಳಿ ಬರೆದು ಕಳಿಸ್ತೀನಿ ಫಾದರ್. ಈಗ್ಲೇ."

"ಬರೀಬೇಡ. ಬರೆದಿದ್ದು ಸಾಕಲ್ಲ. ಬಾಯಲ್ಲಿ ಕೇಳು."

ಕೇಳು ಎನ್ನುವುದು ಸುಲಭ.

ಅವಳು ಮೊದಲು ಚಿತ್ರವನ್ನು ಅಳಿಸಿಹಾಕಲು ಹೋದಳು. ಬೆರಳನ್ನು ಅದರ ಮೇಲೆ ಒತ್ತಿ ಹಿಡಿದಳು. ಎಲ್ಲರಿಗೂ ಅಳಿಸಬೇಕೇ ಎಂದು ಮೊಬೈಲು ಕೇಳಿತು. ಅಪ್ಪ ಅಮ್ಮನ ನಡುವೆ ಕೂತಿದ್ದ ಆ ಪುಟ್ಟ ಬೆನ್ನನ್ನು ತನ್ನ ಕೈಯಾರೆ ಅಳಿಸುವುದೇ? ಒಮ್ಮೆ ಅಳಿಸಿಹೋದ ಮಗುವನ್ನೇ? ಬೆರಳು ತೆಗೆದಳು. ಇಡುವುದಕ್ಕೂ ಆಗದು, ತೆಗೆಯುವುದಕ್ಕೂ ಆಗದು.

ಆ ವಾರವೆಲ್ಲ ಪೇಂಟಂಗಡಿಯ ಬೀದಿಯನ್ನು ಬಿಟ್ಟು ಸುತ್ತು ಬಳಸಿ ಓಡಾಡಿದಳು. ಒಂದು ದಿನ ಮಗುವಿನ ಔಷಧಿಗೆಂದು ಹೋಗುವಾಗ ಬೇರೆ ದಾರಿಯಿರಲಿಲ್ಲ. ಎದುರುಗಡೆಯ ಫುಟ್‌ಪಾತಿನಿಂದಲೇ ನೋಡಿದಳು. ಮನೆಗೆ ಅಂಟಿಕೊಂಡ ಅಂಗಡಿಯಲ್ಲಿ, ಡಬ್ಬಿಗಳ ಗೋಪುರಗಳ ನಡುವೆ ಆ ಮನುಷ್ಯ ಗಿರಾಕಿಯೊಬ್ಬನಿಗೆ ಬಣ್ಣ ಕಲಸುತ್ತಿದ್ದ. ಕೋಲಿನ ತುದಿಯಿಂದ ಕಾಗದದ ಮೇಲೆ ಒಂದು ಗೆರೆ ಎಳೆದು ತೋರಿಸಿದ, ಗಿರಾಕಿ ಬೇಡವೆಂದ, ಮತ್ತೆ ಕಲಸಿದ. ಮೊದಲ ಸಲ ಅವನ ಮುಖ ಕಂಡಿತು. ಬೆನ್ನಿಗಿಂತ ಮುಖಕ್ಕೆ ವಯಸ್ಸಾಗಿತ್ತು. ಅವನು ತಲೆ ಎತ್ತಿ ಬೀದಿಯ ಕಡೆ ನೋಡುವಷ್ಟರಲ್ಲಿ ಅವಳು ಮಗುವಿನ ತಳ್ಳುಗಾಡಿಯನ್ನು ತಿರುಗಿಸಿಕೊಂಡು ಓಡಿದ್ದಳು. ಔಷಧಿ ತರುವುದು ಮರೆತೇ ಹೋಯಿತು.

"ಫೋನ್ ಮಾಡಿದ್ಯಾ?" ಎಂದು ಗಂಡ ದಿನಾ ಕೇಳುತ್ತಿದ್ದ.

"ಮಾಡ್ತೀನಿ."

"ನಾನು ಮಾಡ್ಲಾ?"

"ನೀವು ಯಾಕೆ ಮಾಡ್ತೀರಿ? ಗೆರೆ ಎಳೆದವಳು ನಾನು."

ಅತ್ತೆ ಮಾತ್ರ ಏನೂ ಕೇಳಲಿಲ್ಲ. ಬಯ್ಯಲೂ ಇಲ್ಲ. ಬಯ್ದಿದ್ದರೇ ಚೆನ್ನಾಗಿತ್ತು ಎನ್ನಿಸುವಷ್ಟು ಸುಮ್ಮನಿದ್ದಳು. ಒಮ್ಮೆ ಒಗೆದ ಬಟ್ಟೆ ಮಡಿಚುತ್ತ ತನಗೆ ತಾನೇ ಹೇಳಿಕೊಂಡಂತೆ ಹೇಳಿದಳು: "ನಿನಗೆ ಹೇಳಬೇಡಿ ಅಂದಿದ್ದು ನಾನೇ. ನೀನು ಹೆದರಿಬಿಟ್ರೆ ಹೊಟ್ಟೇಲಿರೋದಕ್ಕೆ ಏನಾದ್ರೂ ಆದೀತು ಅಂತ. ನಾನೂ ಹೆದರಿದ್ದೆ ಕಣಮ್ಮ. ನೀನೊಬ್ಬಳೇ ಅಲ್ಲ."

ಒಂದು ಮಧ್ಯಾಹ್ನ ಅಡುಗೆಮನೆಯಿಂದ ಹೊರಗೆ ಬಂದವಳು ಬಾಗಿಲಲ್ಲೇ ನಿಂತಳು. ಅತ್ತೆ ಮಗುವನ್ನು ಕಾಲ ನಡುವೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಇನ್ನೂ ಜಡೆ ಹಾಕುವಷ್ಟು ಕೂದಲಿಲ್ಲ. ಇದ್ದಷ್ಟನ್ನೇ ಎರಡು ಕಡೆ ಎಳೆದು, ರಬ್ಬರ್ ಹಾಕಿ, ಎರಡು ಚೋಟುದ್ದದ ಕುಚ್ಚು ಮಾಡಿದ್ದಳು. ಮಗು ಕೊಸರಾಡಿದ್ದರಿಂದ ಒಂದು ಕುಚ್ಚು ಕಿವಿಯ ಮೇಲೆ, ಇನ್ನೊಂದು ಕಿವಿಯ ಕೆಳಗೆ ಬಂದಿತ್ತು.

"ನೆಟ್ಟಗೆ ಕೂತ್ಕೊಳ್ಳೆ ಗುಂಡಮ್ಮ, ಇಲ್ಲಾಂದ್ರೆ ಹೀಗೇ ಸೊಟ್ಟ ಆಗುತ್ತೆ," ಎನ್ನುತ್ತಿದ್ದಳು ಅತ್ತೆ.

ಮಗುವಿನ ಬೆನ್ನು ಅವಳ ಕಡೆಗಿತ್ತು.

ಅವಳು ಗೋಡೆಗೊರಗಿ ನಿಂತು ಬಹಳ ಹೊತ್ತು ನೋಡಿದಳು. ಮಗು ಕೂತಲ್ಲೇ ತೂಕಡಿಸಿ ಅಜ್ಜಿಯ ಮಡಿಲಲ್ಲಿ ಮಲಗಿತು. ಈ ಸಲ ಉಸಿರು ನೋಡಲು ಅವಳು ಬೆರಳಿಡಲಿಲ್ಲ. ಕೋಣೆಗೆ ಹೋಗಿ ಬಾಗಿಲು ಓರೆ ಮಾಡಿದಳು. ಮಂಚದ ಮೇಲೆ ಕೂರಲು ಧೈರ್ಯ ಸಾಲದೆ ನೆಲದ ಮೇಲೆ ಕೂತಳು. ನಂಬರು ಒತ್ತಿದಳು.

ರಿಂಗಾಯಿತು. ಎತ್ತದಿದ್ದರೆ ಸಾಕು ಎಂದುಕೊಂಡಳು. ಎತ್ತದಿದ್ದರೆ ಏನು ಗತಿ ಎಂದೂ ಅಂದುಕೊಂಡಳು.

"ಹಲೋ." ಹೆಂಗಸಿನ ದನಿ. ಹಿಂದೆ ನೀರು ಬೀಳುವ ಸದ್ದು.

"ನಾನು... ನಾನು ಚರ್ಚಿನಿಂದ... ಅಂದ್ರೆ ಆ ಚಿತ್ರ..." ಕಂಠಪಾಠ ಮಾಡಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲೋ ಹಾರಿಹೋಗಿತ್ತು. "ಚಿತ್ರ ಕಳಿಸಿದವಳು."

ನಲ್ಲಿ ನಿಂತಿತು.

"ಗೊತ್ತಾಯ್ತು," ಎಂದಿತು ದನಿ.

"ನನಗೆ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ. ಆಗ ನಾನು ಇಲ್ಲಿರಲಿಲ್ಲ, ತವರಲ್ಲಿದ್ದೆ, ಬಸುರಿಗೆ ಹೇಳಬಾರದು ಅಂತ ಯಾರೂ ಹೇಳಿರಲಿಲ್ಲ. ಗೊತ್ತಿದ್ದಿದ್ರೆ ನನ್ನ ಕೈ ಮುರಿದು ಹೋಗ್ಲಿ, ಅಂಥದ್ದನ್ನ..."

"ಕೈ ಯಾಕೆ ಮುರೀಬೇಕು, ಬಿಡಿ." ದನಿ ಗಟ್ಟಿಯೂ ಇರಲಿಲ್ಲ, ಮೆತ್ತಗೂ ಇರಲಿಲ್ಲ. "ಬಸುರಿಗೆ ಯಾರು ಹೇಳ್ತಾರೆ? ನಾನಾಗಿದ್ರೂ ಹೇಳ್ತಿರಲಿಲ್ಲ. ಸುಳ್ಳು ಯಾಕೆ ಹೇಳ್ಲಿ, ಮೊದಲು ನೋಡಿದಾಗ ಕಣ್ಣು ಕತ್ತಲೆ ಬಂತು. ನಮ್ಮವರು ಮೊಬೈಲ್ ಕಿತ್ತುಕೊಂಡು ಗೋಡೆಗೆ ಹೊಡೆಯೋಕೆ ಹೋದ್ರು. ಯಾವಳೋ ಇವಳು, ಮನೆಗೇ ಹೋಗಿ ಕೇಳ್ತೀನಿ ಅಂತ ಚಪ್ಪಲಿ ಹಾಕಿಕೊಂಡ್ರು."

ಪೋಸ್ಟರಮ್ಮ ಬಾಗಿಲ ಸಂದಿಯಿಂದ ಮಲಗಿದ್ದ ಮಗುವಿನ ಕಡೆ ನೋಡಿದಳು.

"ಇದೀರಾ?"

"ಇದೀನಿ."

"ಚಪ್ಪಲಿ ಹಾಕಿಕೊಂಡವರು ಬಾಗಿಲಲ್ಲೇ ನಿಂತುಬಿಟ್ರು. ಚಿತ್ರಾನ ಬೆರಳಲ್ಲಿ ದೊಡ್ಡದು ಮಾಡಿ ನೋಡ್ತಾ ನಿಂತ್ರು. ನನ್ನನ್ನ ಕರೆದು ತೋರಿಸಿದ್ರು. ಒಂದು ಕೇಳ್ಲಾ ನಿಮ್ಮನ್ನ?"

"ಕೇಳಿ."

"ಎಡಗಡೆ ಜಡೆ ಮೇಲಿದೆ. ಬಲಗಡೆದು ಕೆಳಗಿದೆ. ಹಾಗೆ ಯಾಕೆ ಬಿಡಿಸಿದ್ರಿ? ಎಲ್ಲರೂ ಎರಡೂ ಸಮ ಬಿಡಿಸ್ತಾರಲ್ಲ."

"ಅದು... ಹಾಗೇ ಇರ್ತಿತ್ತು," ಎಂದಳು ಅವಳು. "ನಾನು ನೋಡಿದಾಗೆಲ್ಲ ಹಾಗೇ ಇತ್ತು."



"ಎಡಗಡೆದು ಅವರಪ್ಪ ಹಾಕ್ತಿದ್ದಿದ್ದು," ಎಂದಳು ಆ ಹೆಂಗಸು. "ಭಾನುವಾರ ಹೊರಡೋ ಗಡಿಬಿಡೀಲಿ ಒಂದು ನಾನು, ಒಂದು ಅವರು. ಅವರಿಗೆ ಜಡೆ ಹಾಕೋಕೆ ಎಲ್ಲಿ ಬರುತ್ತೆ? ಬ್ರಷ್ ಹಿಡಿಯೋ ಕೈ. ವಾರ ವಾರವೂ ಜಗಳ. ಸಮ ಹಾಕಿ ಅಂತ ನಾನು, ಯಾರು ನೋಡ್ತಾರೆ ಬಾರೇ ಅಂತ ಅವರು. ನಾನು ಯಾವಾಗ್ಲೂ ಅವಳ ಪಕ್ಕದಲ್ಲೇ ಕೂತಿರ್ತಿದ್ದೆ. ಅಲ್ಲಿ ಕೂತಾಗ ಹಿಂದಿನಿಂದ ಹೇಗೆ ಕಾಣ್ತಾಳೆ ಅಂತ ನಾನು ನೋಡೇ ಇರಲಿಲ್ಲ ನೋಡಿ."

ಪೋಸ್ಟರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಇನ್ನೇನು ಮಾಡ್ತಿದ್ಲು?" ಎಂದಿತು ದನಿ. "ಹೆಸರು ತೆಗೆದ್ರೇ ಎಲ್ಲರೂ ಮಾತು ತಿರುಗಿಸ್ತಾರೆ. ನೀವು ನೋಡಿದೀರಲ್ಲ, ಹೇಳಿ. ನಾನು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡೋವಾಗ ಸುಮ್ಮನೆ ಕೂರ್ತಿದ್ಲಾ?"

"ಇಲ್ಲ," ಎಂದಳು ಅವಳು. ತನ್ನ ದನಿ ಇಷ್ಟು ಸಲೀಸಾಗಿ ಹೊರಬಂದದ್ದು ಕೇಳಿ ಅವಳಿಗೇ ಬೆರಗಾಯಿತು. "ಸುಮ್ಮನೆ ಕೂರ್ತಿರಲಿಲ್ಲ. ನೀವು ಕಣ್ಣು ಮುಚ್ಚಿದ ತಕ್ಷಣ ಹಿಂದೆ ತಿರುಗೋಳು. ನನಗೆ ಆಗ ಹೊಟ್ಟೆ ಬಂದಿತ್ತಲ್ಲ. ನನ್ನ ಹೊಟ್ಟೆ ನೋಡೋಳು, ನೋಡಿ ಎರಡೂ ಕೆನ್ನೆ ಹೀಗೆ ಊದಿಸೋಳು, ನನ್ನ ಹೊಟ್ಟೆ ಹಾಗೆ. ನಾನು ನಗು ತಡೆಯೋಕಾಗದೆ ಹೊರಗೆ ಓಡಬೇಕು, ಅಷ್ಟು..."

"ತಾಳಿ, ತಾಳಿ. ಒಂದು ನಿಮಿಷ." ಆ ಕಡೆ ಮೊಬೈಲನ್ನು ಎಲ್ಲೋ ಇಟ್ಟ ಸದ್ದು. ದನಿ ದೂರ ಹೋಯಿತು. "ರೀ! ಅಂಗಡಿ ಬಾಗಿಲು ಹಾಗೇ ಇರ್ಲಿ, ಬನ್ನಿ ಇಲ್ಲಿ ಬೇಗ. ಪುಟ್ಟಿ ವಿಷಯ ಹೇಳ್ತಿದಾರೆ."

ಹೆಜ್ಜೆ ಸದ್ದು ಹತ್ತಿರ ಬಂತು. ನೆಲದ ಮೇಲೆ ಸ್ಟೂಲು ಎಳೆದ ಸದ್ದಾಯಿತು. ಯಾರೋ ಗಂಟಲು ಸರಿಮಾಡಿಕೊಂಡರು.

"ಹೂಂ," ಎಂದಳು ಆ ಹೆಂಗಸು. "ಈಗ ಹೇಳಿ. ಮೊದಲಿಂದ ಹೇಳಿ."